ನಾನೇ ಬಿಡಿಸಿದ ಗುಳಿಗೆ

ಮಸರಕಲ್‌ನ ಸಭೆಯನ್ನು ನಾವು ಬುದ್ಧವಿಹಾರದ ಅಂಗಳದಲ್ಲಿ ನಡೆಸಿದೆವು. ವಿಹಾರವೆಂದರೆ ತಗಡು ಹೊದಿಸಿದ ಒಂದೇ ಕೋಣೆ. ಅಲ್ಲಿನ ಕೂಲಿ ಕುಟುಂಬಗಳು ತಾವೇ ಕಲ್ಲು ಹೊತ್ತು ಕಟ್ಟಿಕೊಂಡದ್ದು. ಸಭೆಯ ಕ್ರಮವನ್ನು ನಾನು ಮೊದಲೇ ಗೊತ್ತುಮಾಡಿದ್ದೆ. ಮೊದಲು ಹಾಡು, ಆಮೇಲೆ ಭಾಷಣ, ಪ್ರತಿಜ್ಞೆ, ಕಡೆಗೆ ಹೂಳುವುದು. ಮೈ ತುಂಬಿಕೊಳ್ಳಲೆಂದು ಗುಳಿಗೆ ನುಂಗುತ್ತಿದ್ದ ಯುವಕರು ಒಬ್ಬೊಬ್ಬರಾಗಿ ಮುಂದೆ ಬರಬೇಕು. ತಮ್ಮಲ್ಲಿದ್ದ ಪೊಟ್ಟಣಗಳನ್ನು ಬಿಚ್ಚಿ ಅಂಗಳದ ಮೂಲೆಯಲ್ಲಿ ತೋಡಿದ ಗುಂಡಿಗೆ ಸುರಿಯಬೇಕು. ‘ಇಂದಿನಿಂದ ಇದನ್ನು ಮುಟ್ಟುವುದಿಲ್ಲ’ ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಸಾರಾಯಿ ವಿರೋಧಿ ಪ್ರಚಾರದಲ್ಲಿ ಬಾಟಲಿ ಒಡೆಸುತ್ತಿದ್ದ ವಿಧಾನವನ್ನೇ ನಾನು ಗುಳಿಗೆಗೆ ಹೊಂದಿಸಿಕೊಂಡಿದ್ದೆ. ಜನರ ಕಣ್ಣೆದುರು ಬಿಟ್ಟದ್ದನ್ನು ಮನುಷ್ಯ ಸುಲಭವಾಗಿ ಮತ್ತೆ ಹಿಡಿಯಲಾರ ಎಂಬುದು ಆ ವಿಧಾನದ ತಿರುಳು. ಅದು ನಿಜವೂ ಆಗಿತ್ತು. ಮುಂದಿನ ಅನಾಹುತಕ್ಕೆ ಆ ನಿಜವೇ ಕಾರಣವಾಯಿತು.

ಎಂಬತ್ತರ ದಶಕದ ನಡುಭಾಗ ಅದು. ರಾಯಚೂರಿನ ಒಂದು ಸಣ್ಣ ಸಂಘದ ಪರವಾಗಿ ನಾನು ಆರೋಗ್ಯ ಪ್ರಚಾರದ ಕೆಲಸ ಮಾಡುತ್ತಿದ್ದೆ. ಆ ವರ್ಷ ಪೊಲೀಸ್ ಭರ್ತಿಯ ಸುದ್ದಿ ಮಾನ್ವಿ, ದೇವದುರ್ಗದ ಹಳ್ಳಿಗಳಲ್ಲೆಲ್ಲ ಹರಡಿತ್ತು. ಮೆಟ್ರಿಕ್ ಮುಗಿಸಿದ ಕೂಲಿಕಾರರ ಮಕ್ಕಳಿಗೆ ಖಾಕಿ ಬಟ್ಟೆಯೆಂದರೆ ಕೇವಲ ಸಂಬಳವಲ್ಲ. ಊರಿನ ಕಟ್ಟೆಯ ಮುಂದೆ ಚಪ್ಪಲಿ ಮೆಟ್ಟಿಕೊಂಡೇ ನಡೆಯಬಹುದಾದ ಹಕ್ಕು. ಆದರೆ ಭರ್ತಿಯ ಮೈದಾನದಲ್ಲಿ ಓದಿಗಿಂತ ಮೊದಲು ತೂಕದ ಯಂತ್ರ ಇರುತ್ತಿತ್ತು, ಎದೆ ಅಳೆಯುವ ಟೇಪು ಇರುತ್ತಿತ್ತು. ಹೊಟ್ಟೆ ತುಂಬ ಉಂಡು ಬೆಳೆದವರ ಮೈಯನ್ನು ಮಾದರಿಯಾಗಿಟ್ಟು ಅರೆಹೊಟ್ಟೆಯವರನ್ನು ಅಳೆಯುವುದು ಅನ್ಯಾಯ. ಆ ಅನ್ಯಾಯವನ್ನು ಬಂಡವಾಳ ಮಾಡಿಕೊಂಡವನು ಮಾನ್ವಿಯ ಬಸ್ ನಿಲ್ದಾಣದ ಹಿಂದೆ ದವಾಖಾನೆ ತೆರೆದಿದ್ದ, ಯಾವ ಪದವಿಯೂ ಇಲ್ಲದ ಒಬ್ಬ ‘ಡಾಕ್ಟರ್’. ಅವನ ಗೋಡೆಯ ಮೇಲೆ ಎಣ್ಣೆ ಹಚ್ಚಿ ಹೊಳೆಯುವ ಪೈಲ್ವಾನರ ಚಿತ್ರಗಳಿದ್ದವು. ಕಾಗದದ ಪೊಟ್ಟಣದಲ್ಲಿ ಅವನು ಕೊಡುತ್ತಿದ್ದ ಸಣ್ಣ ಬಿಳಿ ಗುಳಿಗೆಗೆ ಹುಡುಗರು ‘ಮೈ ಹಿಡಿಯೋ ಗುಳಿಗಿ’ ಎನ್ನುತ್ತಿದ್ದರು. ಕೆಲವೇ ವಾರಗಳಲ್ಲಿ ಹಸಿವು ಹೆಚ್ಚುತ್ತಿತ್ತು, ಕೆನ್ನೆ ತುಂಬುತ್ತಿತ್ತು, ತೂಕ ಏರುತ್ತಿತ್ತು. ಅದು ಸ್ಟೀರಾಯ್ಡ್ ಎಂಬುದಷ್ಟೇ ನನಗೆ ಗೊತ್ತಿತ್ತು. ಅದರಿಂದ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಎಲುಬು ಸವೆಯುತ್ತದೆ, ಮೈ ಊದುತ್ತದೆಯೇ ಹೊರತು ಬಲ ಬರುವುದಿಲ್ಲ ಎಂದು ಓದಿದ್ದೆ. ಇಷ್ಟನ್ನೇ ಕರಪತ್ರದಲ್ಲಿ ಬರೆದೆ. ಅಚ್ಚಿಗೆ ಕೊಡುವ ಮುನ್ನ ಯಾವ ವೈದ್ಯರಿಗೂ ತೋರಿಸಲಿಲ್ಲ. ಏಕೆಂದರೆ ನನ್ನ ಕರಪತ್ರದಲ್ಲಿ ವೈದ್ಯರೇ ಆರೋಪಿಗಳಾಗಿದ್ದರು. ಕಳ್ಳ ವೈದ್ಯನನ್ನೂ ನಿಜವಾದ ವೈದ್ಯರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದೇ ದಿಟ್ಟತನವೆಂದು ನಂಬಿದ್ದೆ.

ಮಸರಕಲ್‌ನ ಭಾಷಣದಲ್ಲಿ ನಾನು ಸಿನಿಮಾ ಶೋಕಿಯನ್ನು ಖಂಡಿಸುತ್ತಿದ್ದಾಗ ಮುಂದಿನ ಸಾಲಿನಲ್ಲಿದ್ದ ಯುವಕನೊಬ್ಬ ಎದ್ದು ನಿಂತ. ಮೊದಲೊಮ್ಮೆ ಭರ್ತಿಗೆ ಹೋಗಿ ತೂಕದಲ್ಲಿ ತಿರಸ್ಕೃತನಾಗಿದ್ದವನು. ಈಗ ಅವನ ಮುಖ ಚಂದ್ರನಂತೆ ದುಂಡಗಾಗಿತ್ತು, ಕೈಗಳು ಮಾತ್ರ ಕಡ್ಡಿಯಂತೆ ಸಣ್ಣಗೇ ಇದ್ದವು.

“ಶೋಕಿ ಅಲ್ರೀ ಅಕ್ಕಾರ,” ಎಂದ. “ಹೋದ ಸಲ ಟೇಪು ಹಿಡದಾಂವ ನನ್ನ ಎದಿ ನೋಡಿ, ‘ಲೇ, ಈ ಪಂಜರದಾಗ ಗಿಣಿ ಅದನೋ ಹಾರಿಹೋಗ್ಯಾದೋ’ ಅಂದ. ಮೈದಾನಕ್ಕ ಮೈದಾನನಾ ನಕ್ಕಿತ್ರಿ. ನಾನೂ ನಕ್ಕೆ. ಏನ್ ಮಾಡ್ಲಿ?”

ಅಂಗಳದಲ್ಲೂ ನಗೆ ಎದ್ದಿತು. ಗೋಡೆಗೊರಗಿ ಕುಳಿತಿದ್ದ ಅವನ ತಾಯಿ ನಗಲಿಲ್ಲ.

ಅಲ್ಲಿ ನಾನು ಅವನ ಮಾತಿನಿಂದ ಕಲಿಯಬಹುದಿತ್ತು. ಅದರ ಬದಲು ಅದನ್ನು ಗೆಲ್ಲಲು ನೋಡಿದೆ. ಮಾನ್ವಿಯ ವೈಷ್ಣವ ಮನೆತನವೊಂದರಲ್ಲಿ ಹುಟ್ಟಿ, ಜಾತಿಯನ್ನು ಅಳಿಸಲೆಂದೇ ನಡೆಸುತ್ತಿದ್ದ ಶಾಲೆಯಲ್ಲಿ ಓದಿದವಳು ನಾನು. ಯಾರ ಅಂಗಳದಲ್ಲಿ ಏನು ಬೇಕಾದರೂ ಮಾತಾಡುವ ಅಧಿಕಾರ ಆ ಶಾಲೆಯಿಂದಲೇ ಬಂದಿದೆಯೆಂಬ ಭ್ರಮೆ ನನಗಿತ್ತು. ವಿಹಾರದ ಗೋಡೆಯ ಮೇಲೆ ಪಂಚಶೀಲಗಳನ್ನು ಸುಣ್ಣದಲ್ಲಿ ಬರೆದಿದ್ದರು. ಕಡೆಯದು, ಅಮಲಿನ ಪದಾರ್ಥಗಳಿಂದ ದೂರವಿರುವ ಶೀಲ. ನಾನು ಅದರ ಮೇಲೆ ಬೆರಳಿಟ್ಟು, “ಈ ಗುಳಿಗೆಯೂ ಅಮಲೇ. ಸಾರಾಯಿ ತಲೆಗೆ ಏರುತ್ತದೆ, ಇದು ಮೈಗೆ ಏರುತ್ತದೆ. ಇದನ್ನು ಮುಟ್ಟಿದರೆ ಶೀಲ ಮುರಿದಂತೆ,” ಎಂದೆ. ಆ ಯುವಕ ಒಳಗೆ ಹೋಗಿ ದೀಪದ ಮುಂದೆ ಕೈಜೋಡಿಸಿದ, ಹೊರಗೆ ಬಂದು ಪೊಟ್ಟಣವನ್ನು ಗುಂಡಿಗೆ ಸುರಿದ, ಪ್ರತಿಜ್ಞೆ ಮಾಡಿದ. ಉಳಿದವರು ಹಿಂಬಾಲಿಸಿದರು. ಬೇರೆ ಊರುಗಳ ಸಭೆಗಳಿಗಿಂತ ಇದು ಹೆಚ್ಚು ಗೆದ್ದಿತೆಂದು ಜೀಪಿನಲ್ಲಿ ಮರಳುವಾಗ ನಾನು ಸಹೋದ್ಯೋಗಿಗಳಿಗೆ ಹೇಳಿದೆ.

ಕೆಲವು ದಿನಗಳ ನಂತರ ಪೋತ್ನಾಳದಿಂದ ಸುದ್ದಿ ಬಂತು. ಅಲ್ಲಿಯ ನಮ್ಮ ಹಿಂದಿನ ಸಭೆಯಲ್ಲಿ ಪ್ರತಿಜ್ಞೆ ಮಾಡಿದ್ದ ಒಬ್ಬನನ್ನು, ಗದ್ದೆಯ ಬದುವಿನ ಮೇಲೆ ಕುಸಿದು ಬಿದ್ದವನನ್ನು, ಭತ್ತದ ಲಾರಿಯಲ್ಲಿ ಹಾಕಿಕೊಂಡು ರಾಯಚೂರಿನ ಆಸ್ಪತ್ರೆಗೆ ತಂದಿದ್ದರು. ನಾನು ಓಡಿದೆ. ಅವನ ತುಟಿ ಬಿಳಿಚಿಕೊಂಡಿತ್ತು, ಕೈಕಾಲು ತಣ್ಣಗಿದ್ದವು, ನಾಡಿ ಕೈಗೆ ಸಿಗುತ್ತಿರಲಿಲ್ಲ. ಒಂದು ತೋಳಿಗೆ ಸಲೈನ್ ಏರಿಸಿದ್ದರು. ವಾರ್ಡಿನ ಹಿರಿಯ ವೈದ್ಯೆ ಅವನ ಅಣ್ಣನನ್ನು ಪ್ರಶ್ನಿಸುತ್ತ ನಿಂತಿದ್ದರು.

“ಗುಳಿಗಿ ತಗೋತಿದ್ನಾ?”

“ತಗೋತಿದ್ನ್ರಿ. ಈಗ ಬಿಟ್ಟಾನ.”

“ಯಾರು ಬಿಡು ಅಂದ್ರು?”

ಅಣ್ಣ ಕೃತಜ್ಞತೆಯಿಂದಲೇ ನನ್ನ ಕಡೆಗೆ ಕೈ ತೋರಿಸಿದ. “ಈ ಅಕ್ಕಾರು ಬಿಡಿಸಿದ್ರಿ.”

ವೈದ್ಯೆ ನನ್ನನ್ನು ಒಮ್ಮೆ ನೋಡಿ, ದಾದಿಗೆ ಹೇಳಿ ನರಕ್ಕೆ ಒಂದು ಸೂಜಿಮದ್ದು ಕೊಡಿಸಿದರು. ಅದು ಯಾವ ಮದ್ದು ಎಂದು ಕೇಳಿದೆ. “ನೀವು ಬಿಡಿಸಿದ್ರಲ್ಲ, ಅದರ ಜಾತೀದೇ,” ಎಂದರು.

ಅನಂತರ ತಮ್ಮ ಕೋಣೆಯಲ್ಲಿ ಅವರು ವಿವರಿಸಿದ್ದನ್ನು ನನಗೆ ತಿಳಿದಷ್ಟು ಇಲ್ಲಿ ಹೇಳುತ್ತೇನೆ. ನಮ್ಮ ಮೂತ್ರಪಿಂಡಗಳ ಮೇಲೆ ಪುಟ್ಟ ಟೊಪ್ಪಿಗೆಯಂತೆ ಕುಳಿತ ಗ್ರಂಥಿಗಳಿವೆ. ಈ ಗುಳಿಗೆಯಲ್ಲಿರುವಂಥದೇ ಒಂದು ರಸವನ್ನು ಅವು ಪ್ರತಿದಿನ ತಾವೇ ತಯಾರಿಸುತ್ತವೆ. ರಕ್ತದೊತ್ತಡ ನಿಲ್ಲುವುದಕ್ಕೂ ಜ್ವರವನ್ನೋ ಪೆಟ್ಟನ್ನೋ ಮೈ ತಾಳಿಕೊಳ್ಳುವುದಕ್ಕೂ ಅದು ಬೇಕು. ತಿಂಗಳುಗಟ್ಟಲೆ ಹೊರಗಿನಿಂದ ಬಂದರೆ ಗ್ರಂಥಿಗಳು ಕೆಲಸ ನಿಲ್ಲಿಸಿ ಕುಗ್ಗುತ್ತವೆ. ಆಗ ಗುಳಿಗೆಯನ್ನು ಥಟ್ಟನೆ ನಿಲ್ಲಿಸಿದರೆ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ. ಸಣ್ಣದೊಂದು ಜ್ವರ ಬಂದರೂ ಮನುಷ್ಯ ಕುಸಿಯುತ್ತಾನೆ. ಆದ್ದರಿಂದ ಇದನ್ನು ಬಿಡಿಸುವ ದಾರಿ ಒಂದೇ: ವೈದ್ಯರ ಕಣ್ಣಮುಂದೆ, ಪ್ರಮಾಣವನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ, ಗ್ರಂಥಿಗಳು ಎಚ್ಚರಗೊಳ್ಳುವವರೆಗೆ ತಿಂಗಳುಗಳ ಕಾಲ ಕಾಯುವುದು.

“ಆ ಮಾನ್ವಿಯಾಂವ ಕೊಟ್ಟದ್ದು ವಿಷಾನಾ,” ಎಂದರು ಅವರು. “ಆದ್ರ ನೀವು ಗಿಡ ಹತ್ತಿದಾಂವನ ಕೆಳಗಿಂದ ನಿಚ್ಚಣಿಕಿ ಎಳಕೊಂಡ್ರಿ. ಇನ್ನೆಷ್ಟು ಮಂದಿ ಅದಾರ?”

ಚಪ್ಪಾಳೆ ಕೇಳಿಸಿಕೊಂಡಿದ್ದೆ, ಯಾರು ಎಷ್ಟು ಕಾಲದಿಂದ ನುಂಗುತ್ತಿದ್ದಾರೆಂದು ಒಬ್ಬನನ್ನೂ ಕೇಳಿರಲಿಲ್ಲ.

ವೈದ್ಯೆ ಅದೇ ಜಾತಿಯ ಗುಳಿಗೆಗಳನ್ನು ಕೊಟ್ಟರು. ಪ್ರತಿಜ್ಞೆ ಮಾಡಿದ ಪ್ರತಿಯೊಬ್ಬನನ್ನೂ ಹುಡುಕಬೇಕು, ನಿಂತಾಗ ತಲೆ ತಿರುಗುತ್ತದೆಯೇ, ವಾಕರಿಕೆ ಇದೆಯೇ ಎಂದು ಕೇಳಬೇಕು, ಮೊದಲ ಗುಳಿಗೆ ನುಂಗಿಸಿ ಆಸ್ಪತ್ರೆಗೆ ಕರೆತರಬೇಕು; ವಾಂತಿ ಶುರುವಾಗಿದ್ದರೆ ಗುಳಿಗೆಯನ್ನು ನಂಬದೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಸೂಜಿಮದ್ದು ಹಾಕಿಸಬೇಕು. ದೇವದುರ್ಗದ ಆಸ್ಪತ್ರೆಗೆ ತಾವೇ ಫೋನ್ ಮಾಡಿ ಹೇಳಿಟ್ಟರು.

ಹೊರಡುವ ಮುನ್ನ ಸಂಘದ ಹಿರಿಯರನ್ನು ಕಂಡೆ. ಅವರು ಎಲ್ಲವನ್ನೂ ಕೇಳಿ, “ಹುಡುಗರನ್ನ ಉಳಸ್ರಿ, ಅದು ಮೊದಲು,” ಎಂದರು. “ಆದ್ರ ಸಭಾ ಮಾಡಿ ಹೇಳಿದ್ದನ್ನ ಮತ್ತ ಸಭಾ ಮಾಡಿ ಹಿಂದಕ್ಕ ತಗೋಬ್ಯಾಡ್ರಿ. ಆ ಮಾನ್ವಿ ಡಾಕ್ಟರ್ ಡಂಗುರ ಹೊಡಿಸ್ತಾನ. ಸುಮ್ಮನ ಮನಿಮನಿಗೆ ಹೋಗಿ ಕೊಟ್ಟು ಬರ್ರಿ,” ಎಂದೂ ಸೇರಿಸಿದರು. ನಾನು ವಿರೋಧಿಸಲಿಲ್ಲ. ಚಳವಳಿಯ ಮರ್ಯಾದೆ ಎಂಬ ದೊಡ್ಡ ಮಾತಿನ ಮರೆಯಲ್ಲಿ ನನ್ನ ಮರ್ಯಾದೆಯೂ ಉಳಿಯುವುದಿತ್ತು.

ಮೊದಲು ಸಭೆ ನಡೆಸಿದ್ದ ಮಾನ್ವಿಯಲ್ಲೂ ಪೋತ್ನಾಳದಲ್ಲೂ ಕಂಡದ್ದು ನಾನು ಎಣಿಸಿರದ ಸಂಗತಿ. ಹೆಚ್ಚಿನವರು ಆರೋಗ್ಯವಾಗಿದ್ದರು. ಹೇಗೆಂದು ಒತ್ತಾಯಿಸಿ ಕೇಳಿದರೆ ತಲೆ ತಗ್ಗಿಸುತ್ತಿದ್ದರು. ಒಬ್ಬ ಹಿತ್ತಲಿಗೆ ಕರೆದು, “ಬೈಬ್ಯಾಡ್ರಿ ಅಕ್ಕಾರ. ಆವತ್ತು ಸುರಿದದ್ದು ಅರ್ಧ, ಅಂಗಿ ಕಿಸೇದಾಗ ಉಳಿಸಿಕೊಂಡದ್ದು ಅರ್ಧ,” ಎಂದ. ಇನ್ನೊಬ್ಬ, “ನಾ ಸುರಿದದ್ದು ತಲಿನೋವಿನ ಗುಳಿಗೀರಿ,” ಎಂದು ನಕ್ಕೇಬಿಟ್ಟ. ಮಾತು ತಪ್ಪಿದವರೆಲ್ಲ ಕ್ಷೇಮವಾಗಿದ್ದರು. ನನ್ನನ್ನು ನಂಬಿ ಮಾತು ಉಳಿಸಿಕೊಂಡವನು ಆಸ್ಪತ್ರೆಯಲ್ಲಿದ್ದ. ಸುಳ್ಳು ಹೇಳಿದ ಹುಡುಗರನ್ನು ಕಂಡು ಸಮಾಧಾನದ ಉಸಿರು ಬಿಡುತ್ತ ಮನೆಯಿಂದ ಮನೆಗೆ ಹೋಗುವಾಗ, ನಾನು ಯಾವ ಬಗೆಯ ಸುಧಾರಕಿ ಎಂದು ನನಗೇ ಹೇಸಿಗೆಯಾಯಿತು. ಎಲ್ಲರನ್ನೂ ವೈದ್ಯೆಯ ಬಳಿಗೆ ಕಳಿಸುವ ಏರ್ಪಾಡು ಮಾಡಿ ಮಸರಕಲ್‌ಗೆ ಜೀಪು ತಿರುಗಿಸಿದೆವು. ದೀಪದ ಮುಂದೆ ಕೈಮುಗಿದವನು ಕಿಸೆಯಲ್ಲಿ ಅರ್ಧ ಉಳಿಸಿಕೊಂಡಿರಲಾರ ಎಂಬುದು ನನಗೆ ಗೊತ್ತಿತ್ತು.

ಅವನು ಹೊರಸಿನ ಮೇಲೆ ಮಲಗಿದ್ದ. ಊದಿದ ಕೆನ್ನೆ ಜೋತು ಬಿದ್ದಿತ್ತು. ತಾಯಿ ಬಾಗಿಲಲ್ಲೇ ನಿಂತು ಹೇಳಿದಳು: “ಜ್ವರ ಬಂದಾವ. ಎದ್ದು ನಿಂತ್ರ ಕಣ್ಣಿಗಿ ಕತ್ತಲಿ ಬರ್ತದ ಅಂತಾನ. ಮುಂಜಾನಿ ಕುಡಿದ ಗಂಜೀನೂ ವಾಂತಿ ಮಾಡ್ಯಾನ. ಏನು ಮಾಡಿಟ್ರಿ ನನ್ನ ಮಗನಿಗೆ?”

ನಾನು ಹತ್ತಿರ ಕುಳಿತು, ದನಿ ತಗ್ಗಿಸಿ ಅವನಿಗೆ ಎಲ್ಲವನ್ನೂ ತಿಳಿಸಿದೆ. ಈಗಲೇ ಒಂದು ಗುಳಿಗೆ ನುಂಗಬೇಕು, ಜೀಪಿನಲ್ಲಿ ದೇವದುರ್ಗಕ್ಕೆ ಹೋಗಿ ಸೂಜಿಮದ್ದು ಹಾಕಿಸಿಕೊಳ್ಳಬೇಕು, ತಡಮಾಡಿದರೆ ಜೀವಕ್ಕೇ ಅಪಾಯ ಎಂದೆ. ನನ್ನ ಅಂಗೈಯಲ್ಲಿದ್ದ ಗುಳಿಗೆಯನ್ನು ಅವನು ನೋಡಿದ.

“ಅದನಾ ಏನ್ರಿ ಇದು?”

“ಅದರ ಜಾತಿಯದೇ.”

“ಹಂಗಾದ್ರ ಬ್ಯಾಡ್ರಿ.”

“ನಾನು ತಪ್ಪು ಹೇಳಿದ್ದೆ.”

“ನನಗ ಈಗ ಹೇಳಾಕತ್ತೀರಿ, ಕಿವ್ಯಾಗ. ಅವತ್ತು ಹೇಳಿದ್ದು ಓಣಿಗೆಲ್ಲ.” ಅವನು ಉಸಿರಿಗಾಗಿ ತಡೆದ. “ನಾ ಶೀಲ ತಗೊಂಡೀನಿ. ಇವತ್ತು ಕದ್ದು ನುಂಗಿ ಜೀಪ್ ಹತ್ತಿದೆ ಅಂದ್ರ, ನಾಳಿ ಓಣಿ ಮಂದಿ ಏನಂತಾರ? ‘ನೋಡ್ರಲೇ, ದೀಪದ ಮುಂದ ಆಣಿ ಮಾಡಿದಾಂವ ಖಾಕಿ ಆಸೆಗೆ ಮತ್ತ ನುಂಗಿದ’ ಅಂತಾರ. ಎಲ್ಲಾರ ಮುಂದ ಬಿಟ್ಟೀನಿ. ತಗೊಂಡ್ರ ಎಲ್ಲಾರ ಮುಂದನಾ ತಗೋತೀನಿ. ನೀವು ಹೇಳ್ರಿ ಅಲ್ಲಿ.”

ಜೀಪಿನ ಮೇಲೆ ಪ್ರಚಾರದ ಧ್ವನಿವರ್ಧಕ ಇನ್ನೂ ಕಟ್ಟಿಯೇ ಇತ್ತು. ಹಿರಿಯರಿಗೆ ಕೊಟ್ಟ ಒಪ್ಪಿಗೆ ನೆನಪಾಯಿತು. ಕ್ಷಣಕಾಲ, ಇವನನ್ನು ನಾಲ್ಕು ಜನ ಎತ್ತಿ ಜೀಪಿಗೆ ಹಾಕಬಾರದೇಕೆ ಎಂದೂ ಯೋಚಿಸಿದೆ, ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಮೈದಾನದಲ್ಲಿ ಟೇಪು ಹಿಡಿದವನು ಅವನ ಮೈಯನ್ನು ಅವನದೆಂದು ಎಣಿಸಿರಲಿಲ್ಲ, ಮಾನ್ವಿಯ ವೈದ್ಯ ಎಣಿಸಿರಲಿಲ್ಲ, ನಾನೂ ಎಣಿಸಿರಲಿಲ್ಲ. ಮತ್ತೊಮ್ಮೆ ಅದನ್ನೇ ಮಾಡಲಾರೆನೆನ್ನಿಸಿತು. “ಓಣಿಯವರನ್ನು ಕರೆಯಿರಿ,” ಎಂದು ತಾಯಿಗೆ ಹೇಳಿದೆ.

ಹೊರಸಿನ ಸಮೇತ ಅವನನ್ನು ವಿಹಾರದ ಅಂಗಳಕ್ಕೆ ತಂದರು. ಕೂಲಿಗೆ ಹೋಗದೆ ಮನೆಯಲ್ಲಿದ್ದವರು ಕೂಡಿದರು. ನಾನು ಧ್ವನಿವರ್ಧಕ ಹಿಡಿಯಲಿಲ್ಲ. ಈ ವ್ಯವಸ್ಥೆಯ ಕ್ರೌರ್ಯದಿಂದ ಮಾತು ಆರಂಭಿಸಿದೆ. ಎರಡು ವಾಕ್ಯ ಮುಗಿದಿರಲಿಲ್ಲ, ತಾಯಿ ನಡುವೆಯೇ ತಡೆದಳು:

“ತಪ್ಪು ಒಪ್ಪಿಕೊಳ್ಳೋದಕ್ಕೂ ಭಾಷಣ ಬೇಕೇನ್ರಿ? ಹುಡುಗ ಮಲಗ್ಯಾನ. ಏನು ತಪ್ಪಾಗ್ಯಾದ ಅಷ್ಟು ಹೇಳ್ರಿ.”

ಅಷ್ಟೇ ಹೇಳಿದೆ. ಗುಳಿಗೆ ಕೆಟ್ಟದ್ದು ನಿಜ, ಆದರೆ ಒಮ್ಮೆಲೇ ಬಿಡಬಾರದಿತ್ತು. ಅದು ನನಗೆ ಗೊತ್ತಿರಲಿಲ್ಲ. ತಿಳಿದವರನ್ನು ನಾನು ಕೇಳಲಿಲ್ಲ. ಗುಳಿಗೆಯನ್ನು ಶೀಲಕ್ಕೆ ಗಂಟು ಹಾಕಿದ್ದು ನಿಮ್ಮ ಧರ್ಮವಲ್ಲ, ನಾನು. ಹಾಗೆ ಹಾಕಲು ನನಗೆ ಯಾವ ಅಧಿಕಾರವೂ ಇರಲಿಲ್ಲ. ಇವನು ಈಗ ತೆಗೆದುಕೊಳ್ಳುವುದು ಔಷಧ. ಇವನು ಮಾತು ತಪ್ಪಿದವನಲ್ಲ, ತಪ್ಪಿದವಳು ನಾನು.

ಹಿಂದಿನಿಂದ ಒಬ್ಬ ಹಿರಿಯ ಕೂಗಿದ: “ಹೋದ ಸಲ ವಿಷ ಅಂದ್ರಿ, ಈ ಸಲ ಔಷಧ ಅಂತೀರಿ. ಮುಂದಿನ ಸಲ ಪ್ರಸಾದ ಅಂತ ಹಂಚಾಕ ಬರ್ತೀರೇನು?”

ಜನ ನಕ್ಕರು. ನನಗೆ ಸಲ್ಲಬೇಕಾದ ನಗೆಯೇ ಅದು. ಅದು ಮುಗಿಯುವವರೆಗೆ ನಿಂತೆ. ಆಮೇಲೆ, “ಮುಂದಿನ ಸಲ ಡಾಕ್ಟರನ್ನು ಕರೆದುಕೊಂಡು ಬರುತ್ತೇನೆ. ಮಾತು ಅವರಾಡುತ್ತಾರೆ,” ಎಂದೆ.

ಯುವಕ ಮೊಣಕೈ ಊರಿ ಎದ್ದ. ಓಣಿಯನ್ನೆಲ್ಲ ಒಮ್ಮೆ ನೋಡಿ, “ಕಂಡ್ರಿಲ್ಲ ಎಲ್ಲಾರೂ?” ಎಂದು ಗುಳಿಗೆ ನುಂಗಿದ. ಸ್ವಲ್ಪ ಹೊತ್ತಿಗೆ ಅದನ್ನೂ ವಾಂತಿ ಮಾಡಿದ. ಆ ಹೊತ್ತಿಗೆ ಜೀಪು ದೇವದುರ್ಗದ ದಾರಿ ಹಿಡಿದಿತ್ತು. ಹಿಂದಿನ ಸೀಟಿನಲ್ಲಿ ತಾಯಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ ಸೆರಗಿನಿಂದ ಅವನ ಬಾಯಿ ಒರೆಸುತ್ತ ಕುಳಿತಿದ್ದಳು. ಆಸ್ಪತ್ರೆಯಲ್ಲಿ ಸೂಜಿಮದ್ದು ಸಿದ್ಧವಾಗಿತ್ತು. ಸಂಜೆಯಾಗುವಷ್ಟರಲ್ಲಿ ಕೈಕಾಲು ಬೆಚ್ಚಗಾದವು. ಕುಡಿಯಲು ನೀರು ಕೇಳಿದ. ಪೋತ್ನಾಳದವನೂ ಚೇತರಿಸಿಕೊಂಡ. ಮಸರಕಲ್‌ನ ಉಳಿದವರೂ ಒಬ್ಬೊಬ್ಬರಾಗಿ ರಾಯಚೂರಿಗೆ ಬಂದರು. ಎಲ್ಲರ ಮುಂದೆ ಹೇಳಿದ್ದರಿಂದಲೇ ಬಂದರು.

ಹಿರಿಯರ ಅಂಜಿಕೆ ಸುಳ್ಳಾಗಲಿಲ್ಲವೆಂಬುದನ್ನೂ ಹೇಳಬೇಕು. ಮಾನ್ವಿಯ ‘ಡಾಕ್ಟರ್’, “ವಿರೋಧ ಮಾಡಿದ ಅಕ್ಕಾರನಾ ತಮ್ಮ ಕೈಯಾರೆ ನುಂಗಿಸ್ಯಾರ,” ಎಂದು ಹೇಳಿಕೊಂಡು ಇನ್ನಷ್ಟು ಪೊಟ್ಟಣ ಮಾರಿದ. ನಮ್ಮ ದೂರಿಗೆ ಅವನ ದವಾಖಾನೆ ಕೆಲಕಾಲ ಮುಚ್ಚಿ ಮತ್ತೆ ತೆರೆಯಿತು. ಸಂಘದಲ್ಲಿ ನನ್ನನ್ನು ಪ್ರಶ್ನಿಸಿದರು, ಉತ್ತರ ಕೊಟ್ಟೆ, ಕರಪತ್ರವನ್ನು ಹಿಂದೆಗೆದುಕೊಂಡು ವೈದ್ಯೆ ಹೇಳಿದಂತೆ ಹೊಸದನ್ನು ಬರೆದೆ. ಅದರಲ್ಲಿ ಶೋಕಿ ಎಂಬ ಪದವಿರಲಿಲ್ಲ.

ಮಸರಕಲ್‌ನ ಯುವಕನಿಗೆ ಪ್ರಮಾಣ ಇಳಿಸುತ್ತ ಇಳಿಸುತ್ತ ಗುಳಿಗೆ ನಿಂತದ್ದು ಮುಂದಿನ ಬೇಸಿಗೆಯ ಹೊತ್ತಿಗೆ. ಕಡೆಯ ತಪಾಸಣೆಗೆ ಅವನು ಒಬ್ಬನೇ ಬಂದಿದ್ದ. ವೈದ್ಯೆ ಅವನನ್ನು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂರಿಸಿ, ಕೈ ಊರದೆ ಏಳಲು ಹೇಳಿದರು. ಮೈ ಊದಿದ್ದಾಗ ಅವನಿಗೆ ಅದು ಆಗುತ್ತಿರಲಿಲ್ಲ; ಆ ಗುಳಿಗೆ ತೂಕ ಕೊಟ್ಟು ತೊಡೆಯ ಬಲವನ್ನು ತಿಂದುಹಾಕುತ್ತದೆ. ಈಗ ಅವನು ಚಿಮ್ಮಿ ಎದ್ದ. ವೈದ್ಯೆಗೆ ಸಂತೋಷವಾಯಿತು. ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಅವನು ಬಗ್ಗಿ ಮುಳ್ಳನ್ನು ನೋಡಿದ.

“ಇಷ್ಟಾ ಏನ್ರಿ ನಾನು?”

“ನೀನು ಇಷ್ಟಾ,” ಎಂದರು ವೈದ್ಯೆ. “ಉಳಿದದ್ದು ಗುಳಿಗೀದಿತ್ತು.”

ಅವನು ಅಂಗಿ ತೊಟ್ಟು, ಗುಂಡಿ ಹಾಕಿಕೊಳ್ಳುತ್ತ, ನನ್ನ ಕಡೆ ತಿರುಗಿದ. ಕೆನ್ನೆಯ ಎಲುಬು ಮತ್ತೆ ಕಾಣುತ್ತಿತ್ತು. “ಅಕ್ಕಾರ, ಬರೋ ತಿಂಗಳು ಮತ್ತ ಭರ್ತಿ ಅದ ಅಂತ. ನನ್ನ ಜೀವ ಉಳಿಸಿದ್ರಿ, ಖರೇ. ಈ ಜೀವಾನ ಆ ಟೇಪು ಒಪ್ತದೇನ್ರಿ?”

ಅಸಮಾನತೆಯ ಬಗ್ಗೆ, ಹಸಿವಿನ ಬಗ್ಗೆ, ಪ್ರಭುತ್ವದ ಅಳತೆಗೋಲುಗಳ ಬಗ್ಗೆ ನಾನು ಗಂಟೆಗಟ್ಟಲೆ ಮಾತಾಡಬಲ್ಲವಳಾಗಿದ್ದೆ. ಅವನು ಕೇಳಿದ್ದು ಹೌದೋ ಇಲ್ಲವೋ ಎಂದಷ್ಟೇ.

“ಇಲ್ಲ,” ಎಂದೆ.

ಅವನು ತಲೆಯಾಡಿಸಿದ. “ಹೋಗಿ ನಿಂದ್ರತೀನಿ. ಅವರಾ ಹೇಳ್ಲಿ,” ಎಂದು, ವೈದ್ಯೆಗೆ ಕೈಮುಗಿದು, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದ.